‘ಹೆರಲಿ’ ಅನ್ನುವವರು ಜೊತೆಗೂ ನಿಲ್ಲಲಿ

ಶ್ರೀಗಂಧದ ಕಾವಲ್‌ನಂಥ ಕಡೆ ಬಾಡಿಗೆ ಮನೆಗಳಲ್ಲಿ ಬದುಕುವ ನಮ್ಮವರಿಗೆ ಊರಿನ ಭಯ ಇದ್ದೇ ಇರುತ್ತದೆ. ಮನೆಮಗಳ ಮೇಲೆ ಅತ್ಯಾಚಾರ ನಡೆದು ಗರ್ಭ ನಿಂತಿದೆ ಎಂದು ತಿಳಿದರೆ ಮೊದಲು ಬರುವ ಮಾತೇ ‘ಊರಲ್ಲಿ ಗೊತ್ತಾಗ್ಬಾರ್ದು’. ಆಮೇಲೆ ಒಬ್ಬರು ‘ಗುಟ್ಟಾಗಿ ತೆಗೆಸಿಬಿಡಿ’ ಅಂತಾರೆ, ಇನ್ನೊಬ್ಬರು ‘ಹರಾಮ್, ಹೆರಲೇಬೇಕು’ ಅಂತಾರೆ. ಅವಳನ್ನು ಮಾತ್ರ ಯಾರೂ ಕೇಳುವುದಿಲ್ಲ.

2009ರ ಚಂಡೀಗಢದ ಪ್ರಕರಣ ನೋಡಿ. ಸರ್ಕಾರಿ ಆಶ್ರಯಧಾಮದಲ್ಲಿದ್ದ ಅನಾಥ ಯುವತಿ, ಸ್ವಲ್ಪ ಬುದ್ಧಿಮಾಂದ್ಯತೆ ಇದ್ದವಳು, ಅಲ್ಲೇ ಅತ್ಯಾಚಾರಕ್ಕೆ ಒಳಗಾಗಿ ಗರ್ಭಿಣಿಯಾದಳು. ಗರ್ಭ ತೆಗೆಯಲು ಹೈಕೋರ್ಟ್ ಆದೇಶಿಸಿತು. ಆದರೆ ಅವಳಿಗೆ ಮಗು ಬೇಕಿತ್ತು. ವಯಸ್ಕ ಹೆಣ್ಣಿನ ಒಪ್ಪಿಗೆ ಇಲ್ಲದೆ ಗರ್ಭ ತೆಗೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಅದನ್ನು ತಡೆಯಿತು.

ಅತ್ಯಾಚಾರಿಯ ಪಾಪಕ್ಕೆ ಹೊಟ್ಟೆಯಲ್ಲಿರುವ ಕೂಸು ಹೊಣೆಯಲ್ಲ, ನಿಜ. ಆದರೆ ಆ ಪಾಪ ಅವಳದ್ದೂ ಅಲ್ಲ. 120 ದಿನಗಳಿಗೆ ರೂಹ್ ಊದಲಾಗುತ್ತದೆ ಎಂಬುದು ಉಲಮಾಗಳ ಮಾತು. ಅದಕ್ಕೆ ಮೊದಲು, ಅತ್ಯಾಚಾರದ ಸಂದರ್ಭದಲ್ಲಿ ಗರ್ಭ ತೆಗೆಸಲು ಅನುಮತಿ ಕೊಟ್ಟ ವಿದ್ವಾಂಸರೂ ಇದ್ದಾರೆ, ಒಪ್ಪದವರೂ ಇದ್ದಾರೆ. 2021ರ ತಿದ್ದುಪಡಿಯಂತೆ ಅತ್ಯಾಚಾರ ಸಂತ್ರಸ್ತೆಗೆ 24 ವಾರಗಳವರೆಗೆ ಕಾನೂನಿನ ಅವಕಾಶ ಇದೆ. ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿ ಕೂತರೆ ಕಳೆದುಹೋಗುವುದು ಈ ದಿನಗಳೇ. ಖಾಸಗಿ ಆಸ್ಪತ್ರೆಯೂ ಸಂತ್ರಸ್ತೆಗೆ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು.

ಹೆರುತ್ತೇನೆ ಎಂದು ಅವಳೇ ನಿರ್ಧರಿಸಿದರೆ ಅಲ್ಲಿಂದ ನಮ್ಮ ಪರೀಕ್ಷೆ ಶುರು. ಸಾಕಲು ಆಗದಿದ್ದರೆ ಮಕ್ಕಳ ಕಲ್ಯಾಣ ಸಮಿತಿಗೆ ಮಗುವನ್ನು ಒಪ್ಪಿಸಬಹುದು. ಮನಸ್ಸು ಬದಲಾಯಿಸಲು ಎರಡು ತಿಂಗಳು ಸಮಯವಿದೆ. ಸಾಕುವುದಾದರೆ ತಂದೆಯ ಹೆಸರಿಲ್ಲದೆಯೂ ಜನನ ಪತ್ರ ಸಿಗುತ್ತದೆ, 2015ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಹೇಳಿದೆ. ಕಾಗದ ಕೋರ್ಟ್ ಕೊಡಿಸಬಹುದು. ಆ ಮಗುವನ್ನು ಮದ್ರಸದಲ್ಲಿ ಉಳಿದ ಮಕ್ಕಳ ಜೊತೆ ಕೂರಿಸುವುದು, ಮದುವೆ ಮನೆಗೆ ಉಮ್ಮ–ಮಗು ಇಬ್ಬರನ್ನೂ ಕರೆಯುವುದು, ಬಾಡಿಗೆಗೆ ಮನೆ ಕೊಡುವುದು ನಮ್ಮ ಕೆಲಸ. ‘ಅವನಿಗೇ ನಿಕಾಹ್ ಮಾಡಿಕೊಡಿ, ಮುಗೀತು’ ಅನ್ನುವುದು ಪರಿಹಾರವಲ್ಲ, ಅವಳಿಗೆ ಎರಡನೇ ಶಿಕ್ಷೆ.

ಜೀವ ಉಳಿಸಿ ಎಂದು ಹೇಳುವ ಹಕ್ಕು ಬರುವುದು ಆ ಜೀವದ ಖರ್ಚು, ಅವಮಾನ ಎರಡರಲ್ಲೂ ಪಾಲು ತೆಗೆದುಕೊಂಡಾಗ. ನಮ್ಮ ಜಮಾಅತ್‌ಗಳು ಅಷ್ಟಕ್ಕೆ ಸಿದ್ಧವಿಲ್ಲದಿದ್ದರೆ ಉಪದೇಶವನ್ನೂ ಬಿಡಲಿ. ಅವಳ ನಿರ್ಧಾರ ಯಾವುದೇ ಇರಲಿ, ಮೊದಲು ಅವಳ ಪಕ್ಕ ಕೂತು ಕೇಳೋಣ. ಮಹಿಳೆಯರಿಗೆ 181, ಮಕ್ಕಳಿಗೆ 1098 ಸಹಾಯವಾಣಿ ಇದೆ. ನಂಬರ್ ಮನೆಯಲ್ಲಿ ಬರೆದಿಟ್ಟುಕೊಳ್ಳಿ.