ಹಿಮ್ಮಡಿ ನೋವು ಮತ್ತು ಪಾದರಕ್ಷೆ



ಮಸ್ಕಿಯ ಅಂಗಡಿಗಳಲ್ಲಿ ದಿನವಿಡೀ ನಿಂತು ದುಡಿಯುವವರು, ಶಹಾಬಾದ್ ಕಲ್ಲಿನ ನೆಲದ ಮೇಲೆ ಬರಿಗಾಲಿನಲ್ಲಿ ಅಡುಗೆ ಮಾಡುವ ತಾಯಂದಿರು ಹಿಮ್ಮಡಿ ನೋವನ್ನು ವಯಸ್ಸಿನ ಫಲವೆಂದು ಸಹಿಸುವುದನ್ನು ನಾವು ಕಾಣುತ್ತೇವೆ. ಬೆಳಗ್ಗೆ ಎದ್ದು ಇಡುವ ಮೊದಲ ಹೆಜ್ಜೆಯೇ ಚುಚ್ಚಿದರೆ, ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಹಬ್ಬಿರುವ ತಂತುಪೊರೆ ನೊಂದಿರುವ ಸಂಭವ ಹೆಚ್ಚು.

ಇಂಥವರಿಗೆ ಸವೆದ ಹವಾಯಿ ಚಪ್ಪಲಿ ಸಲ್ಲದು. ಹಿಮ್ಮಡಿಯನ್ನು ಭದ್ರವಾಗಿ ಹಿಡಿಯುವ ಹಿಂಬದಿ, ಅಂಗಾಲಿನ ಕಮಾನಿಗೆ ಆಸರೆ, ಮೆತ್ತನೆಯ ಒಳಹಾಸು, ಹಿಂದೆ ತುಸು ಎತ್ತರ ಇರಬೇಕು. ಜೋಡು ನಡುವಿನಲ್ಲಿ ಮಡಚದೆ, ಬೆರಳುಗಳ ಬಳಿ ಮಾತ್ರ ಬಾಗಬೇಕು. ಸಂಜೆಗೆ ಪಾದ ತುಸು ಊದಿಕೊಳ್ಳುವುದರಿಂದ ಆಗಲೇ ತೊಟ್ಟುನೋಡಿ ಕೊಳ್ಳುವುದು ಲೇಸು. ಮನೆಯೊಳಗಿನ ಕೆಲಸಕ್ಕೂ ಬೇರೊಂದು ಜೋಡಿರಲಿ. ಗೋಡೆ ಹಿಡಿದು ಮೀನಖಂಡವನ್ನು ನಿತ್ಯ ಹಿಗ್ಗಿಸಬೇಕು. ಗುಣ ಕಾಣಲು ಕೆಲವು ತಿಂಗಳು ಹಿಡಿಯಬಹುದು, ತಾಳ್ಮೆ ಬೇಕು. ಸಕ್ಕರೆ ಕಾಯಿಲೆಯವರು, ಪಾದ ಜೋಮು ಹಿಡಿಯುವವರು ಮೊದಲು ವೈದ್ಯರನ್ನು ಕಾಣತಕ್ಕದ್ದು.

ಮೆಟ್ಟುವ ಜೋಡಿಗೆ ಇಷ್ಟೊಂದು ಯೋಚನೆ ಏಕೆನ್ನುವವರು ಶರಣ ಹರಳಯ್ಯನವರನ್ನು ನೆನೆಯಲಿ. ಆ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಮಾಡಿ ತಂದ ಪಾದರಕ್ಷೆಯನ್ನು ಬಸವಣ್ಣನವರು ಮೆಟ್ಟದೆ ಶಿರದ ಮೇಲಿರಿಸಿಕೊಂಡರೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಪಾದರಕ್ಷೆ ಕೀಳಲ್ಲ, ಅದನ್ನು ಮಾಡುವ ಕಾಯಕವೂ ಕೀಳಲ್ಲ. ಹಬ್ಬಕ್ಕೆ ಮಕ್ಕಳಿಗೆ ಹೊಸ ಬಟ್ಟೆ ತರುವ ಮನೆಗಳು ಈ ಸಲ ಅಡುಗೆಮನೆಯ ತಾಯಿಯ ಪಾದಗಳನ್ನೂ ಒಮ್ಮೆ ನೋಡಲಿ. ಕಾಯಕ ನಿಂತಿರುವುದು ಆ ಪಾದಗಳ ಮೇಲೆ.