ಕಡಲ ದಡದ ಅತಿಥಿಗಳು

ಮರವಂತೆಯಲ್ಲಿ ಕಡಲಿಗೂ ನದಿಗೂ ನಡುವೆ ಇರುವುದು ಒಂದು ಕಿರಿದಾದ ನೆಲದ ಪಟ್ಟಿ. ಅದರ ಮೇಲೆ ರಾಷ್ಟ್ರೀಯ ಹೆದ್ದಾರಿ 66 ಹಾದುಹೋಗಿದೆ. ಪಡುವಣದಲ್ಲಿ ಅರಬ್ಬೀ ಸಮುದ್ರ. ಮೂಡಣದಲ್ಲಿ ಸೌಪರ್ಣಿಕಾ ನದಿ. ಕೊಡಚಾದ್ರಿಯ ಕಡೆಯಿಂದ ಇಳಿದು ಕೊಲ್ಲೂರನ್ನು ಹಾದು ಬರುವ ಈ ನದಿ ಇಲ್ಲಿ ಕಡಲಿಗೆ ಕೂಗಳತೆಯಷ್ಟು ಸಮೀಪ ಬಂದರೂ ಅದನ್ನು ಕೂಡದೆ, ದಕ್ಷಿಣಕ್ಕೆ ಹೊರಳಿ ಗಂಗೊಳ್ಳಿಯ ಅಳಿವೆಯಲ್ಲಿ ಸಮುದ್ರವನ್ನು ಸೇರುತ್ತದೆ. ಇಂತಹ ನೋಟವನ್ನು ಕಂಡು ಮುಂದೆ ಸಾಗುವ ಪ್ರಯಾಣಿಕರು ವಿರಳ. ವಾಹನಗಳು ನಿಲ್ಲುತ್ತವೆ, ಜನರು ಇಳಿಯುತ್ತಾರೆ, ಮರಳಿನ ಮೇಲೆ ಓಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ತಪ್ಪು ಆರಂಭವಾಗುವುದು, ಬಂದವರು ಆ ಮರಳನ್ನು ಯಾರಿಗೂ ಸೇರದ ಬಯಲೆಂದು ಭಾವಿಸಿದಾಗ.

ಪ್ರವಾಸಿಗನ ಕಣ್ಣಿಗೆ ಬರಿಯ ಮರಳಾಗಿ ಕಾಣುವ ಈ ದಂಡೆ ಮೀನುಗಾರನಿಗೆ ಹೊಲವಿದ್ದಂತೆ. ಕೈರಂಪಣಿಯ ಬಲೆಯನ್ನು ಕಡಲಿಗೆ ಬೀಸಿ, ಎರಡೂ ತುದಿಗಳ ಹಗ್ಗವನ್ನು ಹಿಡಿದು ಹತ್ತಾರು ಜನರು ಬರಿಗಾಲಿನಲ್ಲಿ ನಿಂತು ಎಳೆಯುವುದು ಇಂತಹ ಮರಳಿನ ಮೇಲೆಯೇ. ಬಲೆ ಒಣಗುವುದೂ, ಹರಿದ ಕಣ್ಣುಗಳನ್ನು ಹೆಣೆಯುವುದೂ, ನಾಡದೋಣಿಯನ್ನು ಎಳೆದಿಡುವುದೂ ಅಲ್ಲಿಯೇ. ಮುಂಗಾರಿನಲ್ಲಿ, ಜೂನ್ 1ರಿಂದ ಜುಲೈ 31ರವರೆಗೆ 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ; ಆಗ ನಾಡದೋಣಿಗಳೇ ಅನೇಕ ಮನೆಗಳ ಒಲೆಯನ್ನು ಉರಿಸುತ್ತವೆ. ಶ್ರಾವಣದ ನೂಲ ಹುಣ್ಣಿಮೆಯಂದು ಕರಾವಳಿಯ ಮೀನುಗಾರರು ಹಾಲು, ತೆಂಗಿನಕಾಯಿಗಳನ್ನು ಅರ್ಪಿಸಿ ಸಮುದ್ರವನ್ನು ಪೂಜಿಸುತ್ತಾರೆ. ಅನ್ನ ಕೊಡುವ ದೋಣಿಯನ್ನು ಅವರು ಪಾದರಕ್ಷೆ ಮೆಟ್ಟಿ ಏರಲಾರರು. ಇದೇ ದೋಣಿಯ ಮೇಲೆ ಪಾದರಕ್ಷೆಯೊಂದಿಗೆ ಹತ್ತಿ ನಿಂತು ಚಿತ್ರ ತೆಗೆಸಿಕೊಳ್ಳುವವನಿಗೆ ತಾನು ಏನು ಮಾಡಿದೆನೆಂಬ ಅರಿವೇ ಇರುವುದಿಲ್ಲ. ಇನ್ನು ಕುಡಿದು ಎಸೆದ ಗಾಜಿನ ಸೀಸೆಯ ವಿಷಯ: ಅದರ ಚೂರು ಮರಳಿನಲ್ಲಿ ಹೂತು ಕುಳಿತು, ಎಂದೋ ಒಂದು ದಿನ ಹಗ್ಗ ಎಳೆಯುವವನ ಅಂಗಾಲನ್ನು ಸೀಳುತ್ತದೆ. ಸೀಸೆಯನ್ನು ಎಸೆದವನು ಆ ವೇಳೆಗೆ ನೂರಾರು ಮೈಲಿ ದೂರದಲ್ಲಿ ಸುಖವಾಗಿರುತ್ತಾನೆ.

ಹೆದ್ದಾರಿಯ ಬದಿಯಲ್ಲಿಯೇ ಮಹಾರಾಜಸ್ವಾಮಿ ಎಂದು ಹೆಸರಾದ ವರಾಹ ದೇವಾಲಯವಿದೆ. ವರಾಹ, ವಿಷ್ಣು, ನರಸಿಂಹ ಮೂರ್ತಿಗಳು ಅಲ್ಲಿ ಪೂಜೆಗೊಳ್ಳುತ್ತವೆ. ಕರ್ಕಾಟಕ ಅಮಾವಾಸ್ಯೆಯಂದು ಇಲ್ಲಿ ಜಾತ್ರೆ. ಕುಂದಾಪುರದ ಸೀಮೆಯವರ ಬಾಯಲ್ಲಿ ಅದು ‘ಆಸಾಡಿ ಅಮಾಸಿ’. ಅಂದು ಭಕ್ತರು, ವಿಶೇಷವಾಗಿ ಹೊಸದಾಗಿ ಮದುವೆಯಾದ ದಂಪತಿಗಳು, ಮಳೆಗಾಲದ ಕೆರಳಿದ ಕಡಲಿನ ಅಂಚಿನಲ್ಲಿ ಮಿಂದು ದೇವರ ದರ್ಶನ ಪಡೆಯುತ್ತಾರೆ. ಒದ್ದೆ ಬಟ್ಟೆಯಲ್ಲಿ ಕೈಮುಗಿದು ನಿಂತ ಹೆಣ್ಣುಮಗಳತ್ತ, ಪರಿಚಯವಿಲ್ಲದ ಒಬ್ಬನು ಕೇಳದೆಯೇ ಕ್ಯಾಮೆರಾ ಹಿಡಿದರೆ ಆಕೆಯ ಮನಸ್ಸಿಗೆ ಏನೆನಿಸೀತು? ಆ ಕ್ಷಣದಲ್ಲಿ ಆಕೆ ಮನುಷ್ಯಳಾಗಿ ಉಳಿಯದೆ ನೋಟದ ವಸ್ತುವಾಗಿಬಿಡುತ್ತಾಳೆ. ಕ್ಯಾಮೆರಾ ಹಿಡಿದವನು ವಿದೇಶದವನೋ ಸ್ವದೇಶದವನೋ ಎಂಬುದರಿಂದ ಆ ನೋವು ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ.

ಇಂತಹ ಮಾತು ಬಂದಾಗಲೆಲ್ಲ ಜನರು ಮೊದಲು ಬೆರಳು ತೋರುವುದು ವಿದೇಶೀಯರ ಕಡೆಗೆ. ಗೋಕರ್ಣದ ಉದಾಹರಣೆಯನ್ನು ಕೊಡುತ್ತಾರೆ. ಮಹಾಬಲೇಶ್ವರನ ಆ ಕ್ಷೇತ್ರದ ಮಗ್ಗುಲಲ್ಲಿಯೇ ಕುಡ್ಲೆ ಮತ್ತು ಓಂ ಎಂಬ ಕಡಲತೀರಗಳಿವೆ. ಯಾತ್ರಿಕರು ನಡೆಯುವ ಬೀದಿಯಲ್ಲಿ ಈಜುಡುಗೆಯವರೂ ನಡೆದದ್ದುಂಟು. ಹಂಪೆಯ ಎದುರು ದಡದ ವಿರೂಪಾಪುರ ಗಡ್ಡೆಯನ್ನೂ ಹೆಸರಿಸುತ್ತಾರೆ. ಅಲ್ಲಿನ ವಸತಿಗೃಹಗಳನ್ನು ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ನಂತರ 2020ರಲ್ಲಿ ತೆರವು ಮಾಡಲಾಯಿತು. ಆದರೆ ಆ ವಸತಿಗೃಹಗಳನ್ನು ಕಟ್ಟಿದವರು ವಿದೇಶೀಯರಲ್ಲ ಎಂಬುದನ್ನು ಮರೆಯಲಾಗದು. ಅತಿಥಿಗೆ ಊರಿನ ರೀತಿಯನ್ನು ತಿಳಿಸದೆ, ಅವನ ಹಣವನ್ನು ಮಾತ್ರ ಎಣಿಸಿಕೊಂಡು, ಬಳಿಕ ಅವನು ಕೆಟ್ಟವನೆಂದು ದೂರುವುದು ಆತಿಥ್ಯದ ಲಕ್ಷಣವಲ್ಲ. ಮರವಂತೆಯಲ್ಲಂತೂ ನಿಲ್ಲುವ ವಾಹನಗಳಲ್ಲಿ ಬಹುಪಾಲಿನ ಒಳಗಿಂದ ಕೇಳಿಬರುವುದು ಈ ದೇಶದ ಭಾಷೆಗಳೇ. ಕನ್ನಡವೇ ಎಂದರೂ ಸುಳ್ಳಾಗದು.

ವಿದೇಶೀಯರೆಲ್ಲರೂ ಅರಿಯದವರೆಂದು ತಿಳಿಯುವುದೂ ಅನ್ಯಾಯ. ಇಟಲಿಯ ಪಿಯತ್ರೋ ದೆಲ್ಲಾ ವಾಲ್ಲೆ ಎಂಬ ಪ್ರವಾಸಿ 1623ರಲ್ಲಿ ಪೋರ್ಚುಗೀಸ್ ರಾಯಭಾರಿಯೊಡನೆ ಹೊನ್ನಾವರ, ಗೇರುಸೊಪ್ಪೆಗಳ ಮಾರ್ಗವಾಗಿ ಇಕ್ಕೇರಿಗೆ, ವೆಂಕಟಪ್ಪನಾಯಕನ ಆಸ್ಥಾನಕ್ಕೆ ಹೋದನು. ದಾರಿಯ ಒಂದು ದೇವಾಲಯದ ಮೊಗಸಾಲೆಯಲ್ಲಿ ಕೆಲವು ಬಾಲಕರು ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಬರೆಯುತ್ತ, ರಾಗವಾಗಿ ಹಾಡುತ್ತ ಲೆಕ್ಕ ಕಲಿಯುತ್ತಿದ್ದುದನ್ನು ಅವನು ಕಂಡನು. ಕಾಗದವಿಲ್ಲವೆಂದು ನಗಲಿಲ್ಲ. ಕುತೂಹಲದಿಂದ ವಿಚಾರಿಸಿದನು. ಗುರುವಿಲ್ಲದಾಗ ಮರೆತುಹೋದರೆ ತಿದ್ದುವವರಾರು ಎಂದು ಅವನು ಕೇಳಿದಾಗ, ಎಲ್ಲರೂ ಒಟ್ಟಿಗೆ ಮರೆಯುವುದು ಸಾಧ್ಯವಿಲ್ಲವೆಂದು ಹುಡುಗರು ಉತ್ತರಿಸಿದರು. ಆ ಉತ್ತರವನ್ನು ಅವನು ಮೆಚ್ಚಿ ಬರೆದಿಟ್ಟನು. ಪಾತ್ರೆಯನ್ನು ತುಟಿಗೆ ತಾಗಿಸದೆ ನೀರನ್ನು ಎತ್ತಿ ಕುಡಿಯುವ ಈ ನಾಡಿನ ಕ್ರಮವನ್ನೂ ಅವನು ಕಲಿತನು. ಆ ಅಭ್ಯಾಸದಲ್ಲಿ ಮೈ ನೆನೆಸಿಕೊಳ್ಳುವವರ, ಕೆಮ್ಮುವವರ ಫಜೀತಿಯನ್ನು ವಿನೋದದಿಂದ ವರ್ಣಿಸಿದ್ದಾನೆ.

ಕಳೆದ ಶತಮಾನದಲ್ಲಿ ಅಮೆರಿಕದಿಂದ ಬಂದ ಮಾರ್ತಾ ಆಷ್ಟನ್ ಎಂಬ ವಿದುಷಿ ಉಡುಪಿಯ ಸೀಮೆಯಲ್ಲಿ ನೆಲೆಸಿ, ಪ್ರಸಿದ್ಧ ಮದ್ದಳೆಗಾರ ಹಿರಿಯಡ್ಕ ಗೋಪಾಲರಾಯರಲ್ಲಿ ಶಿಷ್ಯವೃತ್ತಿ ಮಾಡಿ ಬಡಗುತಿಟ್ಟಿನ ಯಕ್ಷಗಾನವನ್ನು ಅಭ್ಯಸಿಸಿದರು. 1977ರಲ್ಲಿ ಆ ಕಲೆಯ ಬಗೆಗೆ ಇಂಗ್ಲಿಷಿನಲ್ಲಿ ಗ್ರಂಥವನ್ನು ಸಹಲೇಖಕರೊಡನೆ ಹೊರತಂದರು. ಚೌಕಿಯಲ್ಲಿ ಗಣಪತಿಯ ಮುಂದೆ ತಲೆಬಾಗಿದ ನಂತರವೇ ರಂಗಕ್ಕೆ ನಡೆಯುವ ಕಲಾವಿದರ ನಡುವೆ ಕುಳಿತು ಕಲಿಯುವವರಿಗೆ, ಪಾದರಕ್ಷೆಯನ್ನು ಎಲ್ಲಿ ಬಿಡಬೇಕೆಂದು ಯಾರೂ ಫಲಕ ಹಾಕಿ ತಿಳಿಸಬೇಕಾಗುವುದಿಲ್ಲ.

ಈ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಥಾಯ್ಲೆಂಡಿಗೆ ಪ್ರತಿವರ್ಷ ಲಕ್ಷಗಟ್ಟಲೆ ಭಾರತೀಯರು ಪ್ರವಾಸ ಹೋಗುತ್ತಾರೆ. ಆ ದೇಶದಲ್ಲಿ ತಲೆ ಪವಿತ್ರವಾದುದು, ಕಾಲು ಕೀಳಾದುದು. ಪರರ ತಲೆಯನ್ನು ಮುಟ್ಟುವುದೂ ಬುದ್ಧನ ವಿಗ್ರಹದತ್ತ ಕಾಲು ಚಾಚಿ ಕೂರುವುದೂ ಅಲ್ಲಿ ದೊಡ್ಡ ಅಪಚಾರ. ಭಿಕ್ಷುಗಳನ್ನು ಹೆಂಗಸರು ಮುಟ್ಟುವಂತಿಲ್ಲ. ಪುಸ್ತಕಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಕನ್ನಡದ ಮನೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಆದರೂ ಗೋಕರ್ಣದ ಬೀದಿಯಲ್ಲಿ ವಿದೇಶೀಯನ ಉಡುಪನ್ನು ಕಂಡು ಹುಬ್ಬು ಗಂಟಿಕ್ಕಿದವನೇ ಬ್ಯಾಂಕಾಕಿನಲ್ಲಿ ಗದ್ದಲವೆಬ್ಬಿಸಿ, ‘ಹಣ ಕೊಟ್ಟಿಲ್ಲವೇ?’ ಎಂದು ಕೇಳಿದರೆ ಅವನ ಹಳೆಯ ಸಿಟ್ಟಿಗೆ ಬೆಲೆಯೇನು ಉಳಿಯಿತು?

ಆಚಾರಗಳೆಲ್ಲವನ್ನೂ ಕಣ್ಣು ಮುಚ್ಚಿ ಒಪ್ಪಬೇಕೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಅದು ಸಲ್ಲದ ಪ್ರಶ್ನೆಯೇನೂ ಅಲ್ಲ. ಅಸ್ಪೃಶ್ಯತೆಯೂ ಒಂದು ಕಾಲಕ್ಕೆ ಆಚಾರವೆನಿಸಿಕೊಂಡಿತ್ತು; ಸಂವಿಧಾನದ 17ನೆಯ ವಿಧಿ ಅದನ್ನು ತೊಡೆದುಹಾಕಿತು. ಎತ್ತಿ ಕುಡಿಯುವುದನ್ನು ನಗುನಗುತ್ತ ಕಲಿತ ಅದೇ ದೆಲ್ಲಾ ವಾಲ್ಲೆ, ಇಕ್ಕೇರಿಯಲ್ಲಿ ಸಹಗಮನಕ್ಕೆ ಸಿದ್ಧಳಾಗಿದ್ದ ಒಬ್ಬ ವಿಧವೆಯನ್ನು ಕಂಡು ಮಾತನಾಡಿ, ಆಕೆಯ ಮನಸ್ಸನ್ನು ತಿರುಗಿಸಲು ಯತ್ನಿಸಿದನು. ಆಕೆಯ ನಿಶ್ಚಯ ಕದಲಲಿಲ್ಲ. ಆದರೂ ಅವನು ಆಕೆಯನ್ನು ಹೀನಾಯವಾಗಿ ಕಾಣಲಿಲ್ಲ. ಮನುಷ್ಯನನ್ನು ನೋಯಿಸುವ ಪದ್ಧತಿಯನ್ನು ಪ್ರಶ್ನಿಸುವ ಹಕ್ಕು ಪರಕೀಯನಿಗೂ ಉಂಟು. ಪಾದರಕ್ಷೆಯನ್ನು ಬಿಡುವುದರಿಂದ, ಚಿತ್ರ ತೆಗೆಯುವ ಮುನ್ನ ಒಂದು ಮಾತು ಕೇಳುವುದರಿಂದ ಯಾರಿಗೂ ನೋವಾಗದು; ಅಲ್ಲಿ ಹಕ್ಕಿನ ಮಾತನ್ನು ಎತ್ತುವುದು ಬರಿಯ ಸೋಮಾರಿತನ.

ಎಚ್ಚರಿಕೆಯ ಫಲಕಗಳಿಂದ ಸ್ವಲ್ಪ ಉಪಯೋಗವುಂಟು. ಊರಿನವರ ಬಾಯಿಮಾತಿನಿಂದ ಅದಕ್ಕಿಂತ ಹೆಚ್ಚು ಉಪಯೋಗವುಂಟು. ಮಳೆಗಾಲದಲ್ಲಿ ಮರವಂತೆಯ ದಂಡೆಗೆ ಕಾರಿನಿಂದಿಳಿದ ತರುಣರು ನೀರಿಗೆ ಓಡುವಾಗ, ಬಲೆ ಹೆಣೆಯುತ್ತ ಕುಳಿತ ಮುದುಕನೊಬ್ಬನು ಕೂಗುತ್ತಾನೆ: “ನೀರಿಗಿಳಿಬೇಡಿ ಮರಾಯ್ರೆ, ಕಡ್ಲ್ ಸಮ ಇಲ್ಲೆ!” ತರುಣರಿಗೆ ಅದು ಹಳ್ಳಿಯವನ ಗದರಿಕೆಯಾಗಿ ಕೇಳಿಸುತ್ತದೆ, ಅವರು ನಗುತ್ತಾರೆ. ತೆರೆ ಅವರಲ್ಲೊಬ್ಬನನ್ನು ಎಳೆದುಕೊಂಡರೆ, ಬಲೆಯನ್ನು ಅಲ್ಲಿಯೇ ಬಿಟ್ಟು ಮೊದಲು ನೀರಿಗೆ ಹಾರುವವನೂ ಆ ಮುದುಕನ ಮನೆಯ ಮಗನೇ.