ಕುರ್ಚಿಯ ಋಣ

ನಮ್ಮ ನಾಟಕ ಕಂಪೆನಿಗಳ ವೈಭವದ ಕಾಲದಲ್ಲಿ, ಡೇರೆಯೊಳಗೆ ಯಾರು ಎಲ್ಲಿ ಕುಳಿತಿದ್ದಾರೆಂಬುದನ್ನು ನೋಡಿಯೇ ಊರಿನ ಅಂತಸ್ತುಗಳನ್ನು ಅಳೆಯಬಹುದಾಗಿತ್ತು. ಸೋಫಾ, ಕುರ್ಚಿ, ಬೆಂಚು, ನೆಲ ಎಂದು ಕ್ರಮವಾಗಿ ಇಳಿಯುವ ಸೋಪಾನವದು. ಆದರೆ ಆ ಸ್ಥಳದ ಹಕ್ಕು ಒಂದು ರಾತ್ರಿಯ ಮಟ್ಟಿನದು. ಬೆಂಗಳೂರಿನ ರಾಮನವಮಿ ಸಂಗೀತೋತ್ಸವಕ್ಕೆ ಸೀಸನ್ ಟಿಕೆಟು ಕೊಳ್ಳುವ ರಸಿಕರಿಗಾದರೂ ಅದು ಕೆಲವು ವಾರಗಳ ಸಂಬಂಧ. ಒಂದು ಕುರ್ಚಿಯೊಡನೆ ಮೂವತ್ತು ನಲವತ್ತು ವರ್ಷ ಬಾಳುವೆ ಮಾಡುವ ಜನರನ್ನು ಕಾಣಬೇಕಾದರೆ ನಾವು ಇಂಗ್ಲೆಂಡಿನ ಕಾಲ್ಚೆಂಡಾಟದ ಅಂಗಣಗಳಿಗೆ ಹೋಗಬೇಕು.

ಅಲ್ಲಿಯ ಅಗ್ರಶ್ರೇಣಿಯ ಕೂಟವಾದ ಪ್ರೀಮಿಯರ್ ಲೀಗಿನಲ್ಲಿ 20 ತಂಡಗಳು. ಆಗಸ್ಟಿನಿಂದ ಮೇ ತಿಂಗಳವರೆಗೆ ಪ್ರತಿಯೊಂದು ತಂಡವೂ 38 ಪಂದ್ಯಗಳನ್ನು ಆಡುತ್ತದೆ; ಅವುಗಳಲ್ಲಿ 19 ತವರಿನ ಅಂಗಣದಲ್ಲಿ. ಈ 19 ಪಂದ್ಯಗಳಿಗೂ ಒಮ್ಮೆಲೇ ಹಣ ತೆತ್ತು ಒಂದು ಆಸನವನ್ನು ತನ್ನದಾಗಿಸಿಕೊಳ್ಳುವುದೇ ಸೀಸನ್ ಟಿಕೆಟು. ವರ್ಷವರ್ಷವೂ ಅದನ್ನು ನವೀಕರಿಸುತ್ತ ಹೋದರೆ ಕುರ್ಚಿ ಕೈತಪ್ಪುವುದಿಲ್ಲ. ಬಲಗಡೆಯವನೂ ಎಡಗಡೆಯವನೂ ಹೀಗೆಯೇ ಮಾಡುವುದರಿಂದ, ಹೆಸರಿನ ಹೊರತು ಬೇರೇನನ್ನೂ ಅರಿಯದ ನೆರೆಹೊರೆಯೊಂದು ಅಲ್ಲಿ ಬೆಳೆಯುತ್ತದೆ. ಒಂದು ಶನಿವಾರ ಪಕ್ಕದ ಕುರ್ಚಿ ಬರಿದಾಗಿದ್ದರೆ ವಿಚಾರಿಸುತ್ತಾರೆ. ಎರಡನೆಯ ಶನಿವಾರವೂ ಬರಿದಾಗಿದ್ದರೆ ಕಳವಳಪಡುತ್ತಾರೆ.

ಈ ನೆರೆಹೊರೆ ಎಷ್ಟು ಗಟ್ಟಿಯಾದುದು, ಎಷ್ಟು ನಾಜೂಕಾದುದು ಎಂಬುದು 2025ರಲ್ಲಿ ಲಿವರ್‌ಪೂಲ್ ನಗರದಲ್ಲಿ ಎದ್ದು ಕಂಡಿತು. ಅಲ್ಲಿಯ ಎವರ್ಟನ್ ತಂಡ 1892ರಿಂದ ಆಡುತ್ತಿದ್ದುದು ಗುಡಿಸನ್ ಪಾರ್ಕಿನಲ್ಲಿ. ಕೆಲಸಗಾರರ ಮನೆಸಾಲುಗಳ ನಡುವೆ, ಒಂದು ಮೂಲೆಯಲ್ಲಿ ಚರ್ಚನ್ನು ಒತ್ತಿಕೊಂಡು ನಿಂತ ಅಂಗಣವದು. ಅಲ್ಲಿ ಮರದ ಕುರ್ಚಿಗಳಿದ್ದವು. ನೋಟಕ್ಕೆ ಅಡ್ಡಬರುವ ಕಂಬಗಳೂ ಇದ್ದವು. ಮೇ 18ರಂದು ಪುರುಷರ ತಂಡ ಅಲ್ಲಿ ಕಡೆಯ ಪಂದ್ಯವನ್ನಾಡಿ, ಆಗಸ್ಟಿನಲ್ಲಿ ಮರ್ಸಿ ನದಿಯ ದಡದ ಹಳೆಯ ಹಡಗುಕಟ್ಟೆಯೊಂದರಲ್ಲಿ ಎದ್ದ ಹೊಸ ಕ್ರೀಡಾಂಗಣಕ್ಕೆ ಹೋಯಿತು. ಹಳೆಯದರಲ್ಲಿ ಸುಮಾರು 39 ಸಾವಿರ ಜನರಿಗೆ ಸ್ಥಳ. ಹೊಸದರಲ್ಲಿ 52 ಸಾವಿರಕ್ಕೂ ಮೇಲೆ. ಲೆಕ್ಕದಲ್ಲಿ ಇದು ಲಾಭವೇ. ಗುಡಿಸನ್ ಪಾರ್ಕ್ ಕೂಡ ನೆಲಸಮವಾಗದೆ ಮಹಿಳೆಯರ ತಂಡದ ಮನೆಯಾಗಿ ಉಳಿಯಿತೆಂಬುದು ಸಮಾಧಾನದ ವಿಷಯ. ಆದರೂ ಸಹಸ್ರಾರು ಮಂದಿ ತಮ್ಮ ಜೀವಮಾನದಲ್ಲಿ ಮೊದಲ ಬಾರಿಗೆ ಹೊಸದಾಗಿ ಒಂದು ಕುರ್ಚಿಯನ್ನು ಆರಿಸಿಕೊಳ್ಳಬೇಕಾಗಿ ಬಂದಿತು.

ಆರಿಸುವುದೆಂದರೆ ಏನು? ಗಣಕಯಂತ್ರದ ತೆರೆಯ ಮೇಲೆ ಅಂಗಣದ ನಕ್ಷೆ ತೆರೆದುಕೊಳ್ಳುತ್ತದೆ. ಒಂದೊಂದು ಪೀಠದಿಂದಲೂ ಆಟ ಹೇಗೆ ಕಂಡೀತೆಂಬುದನ್ನು ಅದು ತೋರಿಸುತ್ತದೆ. ಅದು ತೋರಿಸಲಾರದ ಸಂಗತಿಗಳೇ ಮುಖ್ಯವಾದವು. ಮಧ್ಯರೇಖೆಯ ಎದುರು ಕುಳಿತರೆ ಆಟದ ವಿನ್ಯಾಸ ಇಡಿಯಾಗಿ ಕಾಣುತ್ತದೆ, ಆದರೆ ಬೆಲೆ ಹೆಚ್ಚು. ಗೋಲಿನ ಹಿಂಬದಿ ಅಗ್ಗ. ಅಲ್ಲಿ ಹಾಡು, ಕೂಗು, ಉಲ್ಲಾಸ, ಆದರೆ ತೊಂಬತ್ತು ನಿಮಿಷವೂ ನಿಂತಿರುವ ತ್ರಾಣ ಬೇಕು. ಮುಪ್ಪಿನವನಿಗೆ ಮೆಟ್ಟಿಲುಗಳ ಲೆಕ್ಕ, ಮಗುವನ್ನು ಕರೆತರುವ ತಾಯಿಗೆ ಮುಂದಿನವರ ಎತ್ತರದ ಲೆಕ್ಕ. ಎಲ್ಲಕ್ಕಿಂತ ಮಿಗಿಲಾಗಿ, ಹಳೆಯ ನೆರೆಯವರು ಎಲ್ಲಿ ಕೂಡುತ್ತಾರೆ? ನಾಲ್ವರು ಗೆಳೆಯರಲ್ಲಿ ಒಬ್ಬನ ಜೇಬು ಹಗುರಾಗಿದ್ದರೆ, ಉಳಿದ ಮೂವರು ಅವನೊಡನೆ ಕೆಳಗಿಳಿಯಬೇಕು, ಇಲ್ಲವೆ ಅವನನ್ನು ಬಿಟ್ಟುಕೊಡಬೇಕು.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಅಂಕಿ ಹಚ್ಚಿದ ಈ ಕುರ್ಚಿಯ ವಯಸ್ಸು ಹೆಚ್ಚಿನದಲ್ಲ. ಹಿಂದೆ ಬಹುಪಾಲು ಜನ ನಿಂತೇ ನೋಡುತ್ತಿದ್ದರು. 1948ರಲ್ಲಿ ಗುಡಿಸನ್ ಪಾರ್ಕಿನಲ್ಲಿ ಒಂದೇ ಪಂದ್ಯಕ್ಕೆ 78,299 ಜನ ನೆರೆದಿದ್ದರು. ಅದನ್ನು ಬದಲಿಸಿದುದು ಒಂದು ದುರಂತ. 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೋ ಅಂಗಣದಲ್ಲಿ, ಕಬ್ಬಿಣದ ಬೇಲಿಯೊಳಗೆ ಕಿಕ್ಕಿರಿದ ಜನಸಂದಣಿ ನಲುಗಿ, ಕಾಲಾಂತರದಲ್ಲಿ ಕಣ್ಮುಚ್ಚಿದವರೂ ಸೇರಿ 97 ಮಂದಿ ಅಸುನೀಗಿದರು. ದೋಷವನ್ನು ಮೊದಲು ಪ್ರೇಕ್ಷಕರ ಮೇಲೆಯೇ ಹೊರಿಸಲಾಯಿತು. ಅವರು ನಿರ್ದೋಷಿಗಳೆಂದು ವಿಚಾರಣೆಯ ಪಂಚರು ಸಾರಲು 2016ನೆಯ ಇಸವಿ ಬರಬೇಕಾಯಿತು. ನ್ಯಾಯಮೂರ್ತಿ ಟೇಲರರ 1990ರ ವರದಿಯ ಫಲವಾಗಿ ಉನ್ನತ ಶ್ರೇಣಿಯ ಅಂಗಣಗಳಲ್ಲೆಲ್ಲ ಆಸನಗಳು ಬಂದವು. ಸುರಕ್ಷಿತವಾದ ಅಡ್ಡಕಂಬಿಗಳ ನಡುವೆ ನಿಂತು ನೋಡಲು ಮತ್ತೆ ಅವಕಾಶ ದೊರೆತದ್ದು 2022ರಲ್ಲಿ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲ ಬಳಿ 11 ಜೀವಗಳನ್ನು ಕಳೆದುಕೊಂಡ ನಮಗೆ, ಪ್ರತಿಯೊಬ್ಬನಿಗೂ ಗೊತ್ತಾದ ಒಂದು ಸ್ಥಳವಿರುವುದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಾಣ ಉಳಿಸಲು ಬಂದ ಕುರ್ಚಿ ಬರಬರುತ್ತ ಸರಕಾಯಿತು. ನಿಂತು ನೋಡುತ್ತಿದ್ದವರ ಕೈಗೆಟುಕುವಂತೆಯೇ ಆಸನದ ಬೆಲೆಯನ್ನು ಇಡಬಹುದೆಂದು ಟೇಲರರು ಭಾವಿಸಿದ್ದರು, ಹಾಗಾಗಲಿಲ್ಲ. 2016ರ ಫೆಬ್ರುವರಿಯಲ್ಲಿ ಲಿವರ್‌ಪೂಲ್ ತಂಡದ ಒಡೆಯರು 77 ಪೌಂಡಿನ ಟಿಕೆಟನ್ನು ಸಾರಿದಾಗ, ಸಂಡರ್ಲೆಂಡಿನೊಡನೆ ನಡೆಯುತ್ತಿದ್ದ ಪಂದ್ಯದ 77ನೆಯ ನಿಮಿಷಕ್ಕೆ ಸುಮಾರು ಹತ್ತು ಸಾವಿರ ಜನ ಎದ್ದು ಹೊರನಡೆದರು. ಎರಡು ಗೋಲುಗಳಿಂದ ಮುಂದಿದ್ದ ತಂಡ ಆಮೇಲೆ ಎರಡನ್ನು ಬಿಟ್ಟುಕೊಟ್ಟು ಸಮ ಮಾಡಿಕೊಂಡಿತು. ಕೆಲವೇ ದಿನಗಳಲ್ಲಿ ಒಡೆಯರು ಕ್ಷಮೆ ಯಾಚಿಸಿ ಬೆಲೆಯನ್ನು ಹಿಂತೆಗೆದುಕೊಂಡರು. ಬರಿದಾದ ಕುರ್ಚಿಯೂ ಮಾತನಾಡಬಲ್ಲದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು.

ಇತ್ತೀಚಿನ ವಿವಾದವೂ ಬರಿದಾದ ಕುರ್ಚಿಯದೇ. ಸೀಸನ್ ಟಿಕೆಟು ಪಡೆದವರು ವರ್ಷಕ್ಕೆ ಇಂತಿಷ್ಟು ಪಂದ್ಯಗಳಿಗೆ ಬರಲೇಬೇಕು, ಇಲ್ಲವೆ ತಮ್ಮ ಸ್ಥಳವನ್ನು ಬೇರೊಬ್ಬರಿಗೆ ವಹಿಸಬೇಕು ಅಥವಾ ಮರುಮಾರಾಟಕ್ಕಾಗಿ ಸಂಘಕ್ಕೆ ಒಪ್ಪಿಸಬೇಕು. ತಪ್ಪಿದರೆ ಹಕ್ಕು ಹೋಗುತ್ತದೆ ಎಂಬ ನಿಯಮವನ್ನು ಹಲವು ಸಂಘಗಳು ತಂದಿವೆ. ಅವುಗಳ ವಾದದಲ್ಲಿ ಹುರುಳಿಲ್ಲದಿಲ್ಲ. ಹೊರಗೆ ವರ್ಷಗಟ್ಟಲೆ ಕಾದ ಯುವಕರ ಉದ್ದನೆಯ ಪಟ್ಟಿಯಿದೆ. ಒಳಗೆ ಹಣ ಕೊಟ್ಟ ಕುರ್ಚಿ ಬರಿದಾಗಿದೆ. ಅನೇಕ ಕಡೆ ಸಾರುವ ಹಾಜರಿಯ ಸಂಖ್ಯೆ ಮಾರಾಟವಾದ ಟಿಕೆಟುಗಳದು, ಬಾಗಿಲು ದಾಟಿ ಬಂದವರದಲ್ಲ. ಕಾಳಸಂತೆಯವರ ಕೈಗೆ ಸಿಕ್ಕ ಟಿಕೆಟುಗಳೂ ಇವೆ.

ಆದರೆ ಬಾರದವನು ಏಕೆ ಬರಲಿಲ್ಲವೆಂಬುದನ್ನೂ ಕೇಳಬೇಕು. ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ನಡೆಯುತ್ತಿದ್ದ ಆಟವನ್ನು ದೂರದರ್ಶನದ ಅನುಕೂಲಕ್ಕಾಗಿ ಸೋಮವಾರ ರಾತ್ರಿಗೂ ಭಾನುವಾರಕ್ಕೂ ಸರಿಸಿದವರು ಯಾರು? ಪಾಳಿಯ ಕೆಲಸದವನಿಗೆ, ಕಡೆಯ ರೈಲು ತಪ್ಪಿದರೆ ಮನೆ ಸೇರಲಾಗದವನಿಗೆ ಆ ಬದಲಾವಣೆಯಲ್ಲಿ ಮಾತಿಲ್ಲ. ಕಾಯಿಲೆ ಬಿದ್ದ ಮುದುಕನ ಕುರ್ಚಿಯನ್ನೂ ಲಾಭಬಡುಕನ ಕುರ್ಚಿಯನ್ನೂ ಒಂದೇ ಹಾಜರಿ ಪುಸ್ತಕದಲ್ಲಿ ಅಳೆಯುವುದು ನ್ಯಾಯವೆನಿಸದು. ತರಗತಿಯಲ್ಲಿ ಹಾಜರಿ ಕೂಗುವ ವೃತ್ತಿಯ ನಾನು ಇದನ್ನು ಅನುಭವದಿಂದ ಹೇಳಬಲ್ಲೆ: ಗೈರುಹಾಜರಾದವನ ಕಾರಣವನ್ನು ಕೇಳದ ಉಪಾಧ್ಯಾಯ, ಹಾಜರಾದವನ ಮನಸ್ಸನ್ನೂ ಗಳಿಸಲಾರ.

ಆದುದರಿಂದ ನಿಯಮವಿರಲಿ, ಅದು ಎರಡು ಕಡೆಗೂ ಅನ್ವಯಿಸಲಿ. ಕುರ್ಚಿಯನ್ನು ಬರಿದಾಗಿಡದಿರುವುದು ಪ್ರೇಕ್ಷಕನ ಋಣವಾದರೆ, ಅವನು ಬರಬಲ್ಲ ಹೊತ್ತಿಗೆ, ತೆರಬಲ್ಲ ಬೆಲೆಗೆ ಆಟವನ್ನು ನಡೆಸುವುದು ಸಂಘದ ಋಣ. 2013ರಲ್ಲಿ ಬೆಂಗಳೂರು ಎಫ್.ಸಿ. ಹುಟ್ಟಿದ ಮೇಲೆ ಕಂಠೀರವ ಕ್ರೀಡಾಂಗಣದ ಪಶ್ಚಿಮ ಪಾರ್ಶ್ವದಲ್ಲಿ ಒಟ್ಟಾಗಿ ನಿಂತು ಹಾಡುವ ಅಭಿಮಾನಿಗಳ ಬಳಗವೊಂದು ನಮ್ಮಲ್ಲಿಯೂ ಬೆಳೆಯಿತು. ಅಂಥ ಬಳಗವನ್ನು ಯಾವ ನಕ್ಷೆಯಿಂದಲೂ ಕಟ್ಟಲಾಗುವುದಿಲ್ಲ. ಅದು ಬಂದು ಬಂದು ಕೂಡಿದವರಿಂದ ತಾನಾಗಿ ಆಗುವಂಥದು. ಹಡಗುಕಟ್ಟೆಯ ಹೊಸ ಅಂಗಣದಲ್ಲಿ ಎವರ್ಟನ್ನಿನ ಜನ ಈಗ ಮಾಡುತ್ತಿರುವುದೂ ಅದನ್ನೇ: ಪಕ್ಕದಲ್ಲಿ ಕುಳಿತ ಅಪರಿಚಿತನ ಹೆಸರನ್ನು ಕೇಳುತ್ತಿದ್ದಾರೆ.